ಒಂದೇ ಕ್ಲಿಕ್ಕು

ಸ್ಕೂಟರಿನ ಪಂಕ್ಚರ್ ಹಾಕಿಸಲು ಬಂದ ಟೀಚರಮ್ಮ ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲೇ ಗಂಡ ಹೆಂಡತಿ, ಎದುರಿಗೆ ಅವರ ಕಾರು. ಕಿವಿಗೇನು ಬಾಗಿಲಿದೆಯೇ? ಮಾತು ತಾನಾಗಿಯೇ ಬಂದು ಬಿತ್ತು.

“ಮೆಕ್ಯಾನಿಕ್ ಏನಂದ್ರು?” ಎಂದಳು ಹೆಂಡತಿ.

“ಗಟ್ಟಿ ಸ್ಪ್ರಿಂಗ್ ಹಾಕ್ಸಿದ್ದು ಸರಿಯಂತೆ. ಅದಕ್ಕೆ ಅಂತ ಶಾಕ್ ಅಬ್ಸಾರ್ಬರ್ ನಾನು ಬಿಗಿ ಮಾಡಿದ್ದು ಅತಿ ಆಯ್ತಂತೆ.”

“ಸಡಿಲ ಇದ್ದಾಗ ಕುಣೀತಿತ್ತಲ್ಲ?”

“ಅದಕ್ಕೇ ತಾನೇ ಅದರ ತಿರುಪು ಪೂರ್ತಿ ತಿರುಗಿಸಿದ್ದು! ಈಗ ಒಂದು ಗುಂಡೀಲಿ ತಗ್ಗಿದ್ದು ಮೇಲೇಳೋಷ್ಟರಲ್ಲಿ ಇನ್ನೊಂದು ಗುಂಡಿ ಬರುತ್ತೆ. ತಗ್ಗಿ ತಗ್ಗಿ ಅಲ್ಲೇ ಕೂತ್ಬಿಡುತ್ತೆ.”

“ಪಾಪ.”

“ಯಾರು?”

“ಕಾರು. ಎಷ್ಟು ಸಡಿಲ ಮಾಡ್ಬೇಕಂತೆ?”

“ತಿರುಪು ನಾಲ್ಕು ಸಲ ಕ್ಲಿಕ್ ಅನ್ನೋಷ್ಟು ಅಂದ. ಒಂದು ಸಾಕು ಅಂತ ಒಂದೇ ಬಿಡಿಸಿದೀನಿ. ಸಲಿಗೆ ಕೊಟ್ರೆ ಮತ್ತೆ ಕುಣಿಯುತ್ತೆ.”

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ರೀ, ಅಕ್ಕನ ಮನೇಲಿ ನಾಲ್ಕು ದಿನ ಇದ್ದು ಬರ್ಲಾ?”

“ಬೆಳಿಗ್ಗೆ ಹೋಗಿ ಸಂಜೆಗೆ ಬಾ.”

“ಒಂದು ಕ್ಲಿಕ್ಕು.”

“ಏನಂದೆ?”

“ಏನಿಲ್ಲ, ನಡೀರಿ.”

ಇಬ್ಬರೂ ಹತ್ತಿದರು. ಗೇಟಿನ ಗುಂಡಿಯಲ್ಲಿ ಕಾರು ತಗ್ಗಿತು. ಮೇಲೇಳುತ್ತದೇನೋ ಎಂದು ಟೀಚರಮ್ಮ ಕಣ್ಣಿಗೆ ಕಾಣುವಷ್ಟು ದೂರ ನೋಡಿದರು.