ಹೆರೆಯದೆ ಅಂಟಿಸಿದ ಹಲಗೆ

ನನ್ನ ಕಿವಿ ಸಾಮಾನ್ಯದ್ದಲ್ಲ. ಮೂರೂರಿನಾಚೆ ಇರುವೆ ಸೀನಿದರೂ ಕೇಳಿಸುತ್ತದೆ. ಭೂಮಿಗೆ ಎರಡು ಸುತ್ತು ಬಂದಂತಿದ್ದ ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಮರಗೆಲಸದವರು ನಿಂತಿದ್ದರು. ಕಿರಿಯವನೇ ಮೊದಲು ಬಾಯಿಬಿಟ್ಟ.

“ಭಾವ, ನಾನು ಪದರ ಅಂಟಿಸಿ ಮಾಡಿದ ಹಲಗೆಯಲ್ಲಿ ಉಳಿದ ತುಂಡನ್ನ ನೀರಲ್ಲಿ ನೆನೆಸಿಟ್ಟಿದ್ದೆ. ಪದರ ಪದರವಾಗಿ ಬಿಟ್ಕೊಂಡ್ಬಿಡ್ತು.”

“ಹುಳ ಹಿಡಿಯದ ಹಾಗೆ ಔಷಧಿ ಕುಡಿಸಿದ ಗಟ್ಟಿಮರ ತಾನೆ? ಅಂಟು ಹಾಕೋ ಮುಂಚೆ ಮೈ ಹೆರೆದ್ಯೋ ಇಲ್ವೋ?”

“ಹೆರೆದ್ರೆ ಔಷಧಿನೂ ಹೋಗುತ್ತೆ ಅಂತ ಬಿಟ್ಟೆ.”

“ಪುಣ್ಯಾತ್ಮ! ಎಣ್ಣೆ ಹಚ್ಚಿದ ಬೆನ್ನಿಗೆ ಪಟ್ಟಿ ಅಂಟಿಸಿದ ಹಾಗಾಯ್ತು. ಔಷಧಿ ಮೇಲೇ ಕೂತಿದ್ರೆ ಅಂಟು ಮರ ಹಿಡಿಯೋದು ಹೇಗೆ? ಹಲಗೆ ಎಲ್ಲಿದೆ ಈಗ?”

“ಶಾಲೆ ಹತ್ರದ ಕಾಲುಸೇತುವೆಗೆ ಹಾಕಿ ಆಯ್ತು. ನಾಳೆಯಿಂದ ಮಕ್ಕಳು ದಾಟ್ತಾರೆ.”

ಮೂರೂರಿನಾಚೆಯ ಇರುವೆಯನ್ನು ಬಿಟ್ಟು ನಾನು ಎರಡೂ ಕಿವಿಯನ್ನು ಇವರ ಕಡೆಗೇ ತಿರುಗಿಸಿದೆ.

“ಬಾಯಿಬಿಟ್ರೆ ನನ್ನ ಕೆಲಸ ಹೋಗುತ್ತೆ, ಭಾವ.”

“ಹೋದ್ರೆ ನಮ್ಮನೆಗೆ ಬಾ. ನಿಮ್ಮಕ್ಕ ನನ್ನಂಥವನನ್ನೇ ಸಾಕ್ತಿಲ್ವಾ?”

“ಧಣಿ ಉಗೀತಾರೆ.”

“ಉಗಿಸ್ಕೊಂಡು ಸತ್ತವರಿಲ್ಲ ಬಿಡು. ಮೊದಲು ಸೇತುವೆಗೆ ಅಡ್ಡ ಹಗ್ಗ ಕಟ್ಟೋಣ. ಆಮೇಲೆ ಧಣಿಗೆ ಫೋನ್ ಮಾಡು.”

ಬಸ್ಸು ಬಂತು. ಕಿರಿಯವನು ಮೆಟ್ಟಿಲಿಗೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದ.

“ಹಗ್ಗ ಗೋಡೌನಲ್ಲಿದೆ, ಬನ್ನಿ,” ಎಂದು ಭಾವನಿಗಿಂತ ಮುಂದಾಗಿ ನಡೆದ.