ಅಡ್ಡಪರಿಣಾಮದ ಬಗ್ಗೆ ಒಂದು ತಿದ್ದುಪಡಿ

ಅಧ್ಯಕ್ಷತೆ ವಹಿಸಿರುವ ಡಾಕ್ಟರ್ ಸಿಕಾಜ್ವೆ ಅವರೇ, ಎರಡು ವರ್ಷ ನಮ್ಮ ಎದೆಗೆ ಕಿವಿಗೊಟ್ಟ ದಾದಿಯರೇ, ಚಹಾ ಉಂಟೆಂದು ತಿಳಿದು ಬಂದಿರುವ ಕಿಟ್ವೆ ಮಾರುಕಟ್ಟೆಯ ಸಭಿಕರೇ,

ರೋಗಿಗಳ ಪರವಾಗಿ ದರ್ಜಿ ಕಬಾಸೊ, ಅಂದರೆ ನಾನು, ಎರಡು ಮಾತಾಡಲಿ ಎಂದಿದ್ದಾರೆ. ಹೇಳಿದ ದಿನಕ್ಕೆ ಅಂಗಿಯನ್ನೇ ಮುಗಿಸದವನು ಎರಡೇ ಮಾತಿನಲ್ಲಿ ಭಾಷಣ ಮುಗಿಸಿಯಾನೇ?

ಫಿಟ್ಸ್ ಬಂದು ನಿಲ್ಲದಿದ್ದಾಗ ಬಾಯಿಗೆ ಹಿಡಿದರೆ ಉಸಿರಿನೊಂದಿಗೆ ಒಳಗಿಳಿಯುವ ಔಷಧಿ ಇದು. ವರ್ಷಗಟ್ಟಲೆ ಬಳಸಿದರೆ ಕೇಡಾದೀತೇ ಎಂಬುದೇ ಎರಡು ವರ್ಷ ನಮ್ಮ ಮೇಲೆ ನಡೆದು ಇಂದು ಮುಗಿಯುತ್ತಿರುವ ಪರೀಕ್ಷೆ. ಸರಿ, ಆದರೆ ಹಿಡಿಯುವವರು ಯಾರು? ಜೊಲ್ಲು ತಾಗಿದರೆ ರೋಗ ಅಂಟುತ್ತದೆಂದು ನಂಬುವ ಜನ ನಾವು. ನಾನು ಬಿದ್ದರೆ ಮಾರುಕಟ್ಟೆಯೇ ಖಾಲಿ. ಹಿಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಸ್ವಂತ ಅಣ್ಣ ಒಮ್ಮೆ ಗೋಡೆ ಹಾರಿದ್ದ. ಸಹಾಯಕರ ಸಹಿ ಇಲ್ಲದೆ ಔಷಧಿಯಿಲ್ಲ ಎಂದರು ಡಾಕ್ಟರು.

ಸಹಿ ಹಾಕಿದವರು ಪಕ್ಕದ ಮಳಿಗೆಯಲ್ಲಿ ಒಣಮೀನು ಮಾರುವ ವಿಧವೆ, ಬಾನಾ ಲೊಂಬೆ. ಮೀನಿನ ವಾಸನೆ ನನ್ನ ಬಟ್ಟೆಗೆ ಹತ್ತುತ್ತದೆಂದು ಆರು ವರ್ಷ ನಾವು ಜಗಳವಾಡಿದ್ದೇವೆ. "ಪ್ರೀತಿಯಿಂದ ಹಾಕ್ದೆ ಅನ್ಕೋಬೇಡ ದರ್ಜಿ. ನೀನ್ ಸತ್ರೆ ಜಗಳಕ್ಕೆ ನಾನ್ ಯಾರನ್ನ ಹುಡುಕ್ಲಿ?" ಎಂದರು.

ಒಂಬತ್ತು ಸಲ ಬಿದ್ದೆ. ಒಂಬತ್ತು ಸಲವೂ ಆಕೆ ಓಡಿ ಬಂದರು. ಪ್ರಜ್ಞೆ ಮರಳುವಾಗ ಮೊದಲು ಮೂಗಿಗೆ ಬಡಿಯುತ್ತಿದ್ದುದು ಒಣಮೀನು. ಬದುಕಿದ್ದೇನೆಂದು ನನಗೆ ತಿಳಿಯುತ್ತಿದ್ದುದೇ ಹಾಗೆ.

ಈಗ ವಿಷಯಕ್ಕೆ ಬರುತ್ತೇನೆ. ಔಷಧಿಯ ನಂತರ ಆದದ್ದನ್ನೆಲ್ಲ ಆಕೆ ಪುಸ್ತಕದಲ್ಲಿ ಬರೆಯಬೇಕಿತ್ತು. ಮೊದಲೆರಡು ಸಲ ಕೆಮ್ಮು, ನಿದ್ದೆ. ಮೂರನೆಯ ಸಲದಿಂದ ಹೀಗಿದೆ: "ಅಸಂಬದ್ಧ ಮಾತು. ಕೈ ಹಿಡ್ಕೊಂಡು, ನೀನಿಲ್ದಿದ್ರೆ ಸೂಜಿಗೆ ದಾರ ಪೋಣಿಸೋಕೂ ಆಗಲ್ಲ ಅಂತಾನೆ." ಒಟ್ಟು ಆರು ಸಲ. ಡಾಕ್ಟರು ಗಾಬರಿಯಾಗಿ ನನ್ನ ತಲೆಯ ಚಿತ್ರ ತೆಗೆಸಿದರು. ನಾಚಿಕೆಯಾಗಿ ಒಂಬತ್ತನೆಯ ಸಲ ತುಟಿ ಬಿಚ್ಚಲಿಲ್ಲ.

ಈ ಔಷಧಿ ಬುದ್ಧಿ ಕೆಡಿಸುತ್ತದೆಂದು ನಾಳೆ ವರದಿ ಹೋಗಲಿದೆಯಂತೆ. ಹೋದರೆ ಇಲ್ಲಿರುವ ಯಾರಿಗೂ ಇದು ಸಿಗಲಿಕ್ಕಿಲ್ಲ. ಡಾಕ್ಟರೇ, ದಯವಿಟ್ಟು ಆ ಆರು ಸಾಲು ಹೊಡೆದುಹಾಕಿ. ಔಷಧಿ ನಿರಪರಾಧಿ. ಆ ಮಾತಾಡುವಾಗೆಲ್ಲ ನನಗೆ ಪೂರ್ತಿ ಎಚ್ಚರವಿತ್ತು, ಮಂಪರು ಬರಿಯ ನಟನೆ. ಹಾಗಲ್ಲದೆ ಹೇಳಲು ನನಗೆ ಧೈರ್ಯವಿರಲಿಲ್ಲ.

ಇಂದು ಧೈರ್ಯ ಎಲ್ಲಿಂದ ಬಂತು? ಬೆಳಿಗ್ಗೆ ಆ ಪುಸ್ತಕದ ಕೊನೆಯ ಪುಟ ಓದಿದೆ. ಒಂಬತ್ತನೆಯ ಸಲದ ಕೆಳಗೆ ಬಾನಾ ಲೊಂಬೆ ಬರೆದಿದ್ದಾರೆ: "ಈ ಸಲ ಅಸಂಬದ್ಧ ಮಾತು ಬರ್ಲಿಲ್ಲ. ಔಷಧಿ ಹಳೇದಿರ್ಬೇಕು. ಬೇರೆ ಕೊಡಿ."

ಮೂರನೆಯ ಸಾಲಿನಲ್ಲಿ ಹೊದ್ದ ಬಟ್ಟೆಯಿಂದ ಮುಖ ಮುಚ್ಚಿಕೊಂಡಿರುವವರೇ, ಇಂದು ನಾನು ಯಾವ ಔಷಧಿಯನ್ನೂ ಸೇದಿಲ್ಲ. ನೀವಿಲ್ಲದಿದ್ದರೆ ನನ್ನಿಂದ ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಬೇಕಾದರೆ ಬರೆದುಕೊಳ್ಳಿ.

ಚಹಾ ಆರುವವರೆಗೂ ತಾಳಿಕೊಂಡ ಎಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.