ಬೇವಿನ ಬುಡದ ಗಡಿಗಿ

ಅಧ್ಯಕ್ಷರ ಕುರ್ಚಿಯೊಳಗ ಕುಂತ ಉದ್ಯಾನ ಸಮಿತಿಯ ಹಿರಿಯರೇ, ಹಾರದ ಭಾರಕ್ಕ ಕತ್ತು ಬಗ್ಗಿಸಿ ಕುಂತ ಇವತ್ತಿನ ಸನ್ಮಾನಿತರಾದ ಶಿವಾನಂದ ಅವರೇ, ಜಲನಗರದ ತಾಯಂದಿರೇ, ಸಭಿಕರೇ, ಮತ್ತ ಚಹಾ ಬಂತೇನೋ ಅಂತ ಬಾಗಲಾ ನೋಡಾಕತ್ತ ಹಿಂದಿನ ಸಾಲಿನ ಮಹನೀಯರೇ. ಚಹಾ ನನ್ನ ಭಾಷಣ ಮುಗಿದ ಮ್ಯಾಲೆ ಬರತೈತಿ, ಸುಮ್ಮನ ಕೂಡ್ರಿ.

ನಮ್ಮ ಉದ್ಯಾನದ ಮೇಲ್ವಿಚಾರಕರಾದ ಶಿವಾನಂದ ಅವರು ಬಾಗಲಕೋಟಿಗೆ ಹೊಂಟಾರ. ಅವರ ಬಗ್ಗೆ ನಾಕು ಮಾತು ಹೇಳ್ರಿ ಕಾಶೀಬಾಯಿ ಅಕ್ಕೋರ, ಅಂದ್ರು. ಹೆಣ್ಣುಮಕ್ಕಳ ಸಾಲಿಯೊಳಗ ಜೀವಮಾನವೆಲ್ಲಾ ಒದರಿದಾಕಿಗೆ ನಾಕು ಮಾತು ಎಲ್ಲಿ ಸಾಕಾಗತಾವ್ರಿ?

ಹೆಸರಿಗೆ ಜಲನಗರ. ಎಪ್ಪತ್ಮೂರರ ಬರಗಾಲದ ಬ್ಯಾಸಗಿಯೊಳಗ ನಳ ತಿರುವಿದರ ಬರೇ ಗಾಳಿ ಬರತಿತ್ತು. ಉದ್ಯಾನಕ್ಕ ವಾರಕ್ಕೊಂದು ಟ್ಯಾಂಕರ್ ನೀರು. ಸಸಿ ಉಳಿದರ ಉದ್ಯಾನ, ಒಣಗಿದರ ಆ ಜಾಗಾದಾಗ ಅಂಗಡಿ ಸಾಲು ಅಂತ ಸಮಿತಿ ಹೇಳಿಬಿಟ್ಟಿತ್ತು. ಇವರು ಬರೂಕಿಂತ ಮೊದಲ ನೀರು ಯಾವಾಗ ಬಿಡತಿದ್ರು, ನೆನಪೈತೇನ್ರಿ? ಮಟಮಟ ಮಧ್ಯಾಹ್ನದಾಗ! ಯಾಕ? ಅದು ಸಮಿತಿ ಸಾಹೇಬರು ಈ ದಾರಿಲೆ ಊಟಕ್ಕ ಹೋಗೋ ಹೊತ್ತು. ಗೇಟಿನ ಮುಂದ ನೀರು ಹರಿಯೋದು ಕಂಡರ ಕೆಲಸ ನಡದೈತಿ ಅಂತ ಲೆಕ್ಕ. ಅರ್ಧ ಬಿಸಲು ಕುಡೀತಿತ್ತು, ಅರ್ಧ ಗಟಾರ ಕುಡೀತಿತ್ತು. ಗಿಡ ನೋಡಕೋತ ನಿಂತಿರತಿತ್ತು.

ಶಿವಾನಂದ ಅವರು ಬಂದವರೇ ಆ ಪೈಪು ಸುತ್ತಿ ಇಟ್ಟರು. ನಿಡೋಣಿ ಹಳ್ಳಿಯ ಎರಿಮಣ್ಣಾಗ ಬೆಳೆದವರು, ಮ್ಯಾಲೆ ಕೃಷಿ ಓದಿದವರು. ಹೊತ್ತು ಮುಣಗಿದ ಮ್ಯಾಲೆ ನೀರು, ಬುಡಕ್ಕ ಒಣ ಎಲಿ ಹಾಸಿಗಿ, ಸಸಿಗೊಂದು ಮಣ್ಣಿನ ಗಡಿಗಿ. ಗಡಿಗಿ ಕುತ್ತಿಗಿಮಟ ಹೂಳೋದು, ನೀರು ತುಂಬಿ ಬಾಯಿ ಮುಚ್ಚೋದು. ಗಡಿಗಿ ಒಳಗ ಒಳಗ ಬೆವರತೈತಿ, ಬೇರು ಕುಡೀತೈತಿ, ಒಂದು ಹನಿ ಪೋಲಿಲ್ಲ. ಏನು ತಲಿರೀ ಅದು!

ಆದರ ಗಡಿಗಿ ಎಲ್ಲಿಂದ ತರೋದು? ಮನಿ ಮನಿಗೆ ಹೋಗಿ, "ಬ್ಯಾಡಾದ ಗಡಿಗಿ ಇದ್ರ ಕೊಡ್ರಿ ತಾಯಿ" ಅಂದ್ರು. ನಮ್ಮ ಮಂದಿ ಗಡಿಗಿ ಬ್ಯಾಡ ಅಂತ ಯಾವಾಗ ಹೊರಗ ಇಡತಾರ? ಸತ್ತವರ ಸೂತಕ ಕಳದ ದಿನ! ಗಿಡದ ಧ್ಯಾನದಾಗಿದ್ದ ಮನುಷ್ಯಾಗ ಅದು ಹೊಳೀಲೇ ಇಲ್ಲ. ಗೇಟಿನ ಮುಂದ ಕಾಯಿಪಲ್ಯ ಮಾರೋ ಹನಮವ್ವ ಒಂದರ ಗುರುತು ಹಿಡಿದು, "ಯಪ್ಪಾ, ಇದು ಧೂಳಪ್ಪ ಸತ್ತ ಮನೀದಲ್ಲೇನು?" ಅಂದಳು. ಮುಗೀತು. ಅವತ್ತಿನಿಂದ ಒಬ್ಬ ತಾಯಿ ಕೂಸಿನ್ನ ಕರಕೊಂಡು ಬರಲಿಲ್ಲ. ನೀರು ಹಾಕೋ ಅಮೋಘಿ, "ಉಪವಾಸ ಬಿದ್ದೇನು, ಆ ಗಡಿಗಿ ಮುಟ್ಟೂದಿಲ್ಲ" ಅಂತ ಹೆಗಲ ಮ್ಯಾಲಿನ ಟವೆಲ್ ಜಾಡಿಸಿ ಹೋದ. ಕಿತ್ತು ಒಗೀರಿ ಅಂತ ಮಂದಿ ಗದ್ದಲ. ಕಿತ್ತರ ಸಸಿ ಆ ಬಿಸಲಾಗ ಉಳೀತಿದ್ದಿಲ್ಲ. ಶಿವಾನಂದ ಅವರು ಚಪ್ಪಲಿ ಬಿಟ್ಟು, ತಾವ ಕೊಡ ಹೊತ್ತು, ಒಂದೊಂದ ಗಡಿಗಿ ತುಂಬಕೋತ ಹೊಂಟರು.

ಆ ವರ್ಷ ಮಾಘದಾಗ ನಮ್ಮ ಮನಿಯವರು ತೀರಿಕೊಂಡಿದ್ರು. ಇದು ಭಾಷಣದಾಗ ಬರೋ ಮಾತಲ್ಲ, ಬಂತು, ಇರಲಿ. ಅವರು ನೀರು ಕುಡಿಯೋ ಗಡಿಗಿ ನಮ್ಮತ್ತಿ ಹೊರಗ ಇಟ್ಟರು. ನನಗ ಒಗ್ಯಾಕ ಮನಸಾಗಲಿಲ್ಲ, ಹಿತ್ತಲದಾಗ ಕಟಗಿ ಹಿಂದ ಬಚ್ಚಿಟ್ಟಿದ್ದೆ. ಶಿವಾನಂದ ಅವರು ಒಬ್ಬರ ಕೊಡ ಹೊತ್ತ ಆ ಸಂಜಿ ಅದಕ್ಕ ನೀರು ತುಂಬಿ, ಸೊಂಟದ ಮ್ಯಾಲೆ ಇಟ್ಟಕೊಂಡು, ಎಲ್ಲಾರ ಕಣ್ಣೆದುರಿಗೆ ನಡಕೋತ ಬಂದೆ. "ಹೌದ್ರೆಪಾ, ಸತ್ತ ಮನಿ ಗಡಿಗಿ. ಯಾವ ಗಿಡ ಸಾಯತೈತಿ ನೋಡೇಬಿಡೋಣು" ಅಂದೆ. ಶಿವಾನಂದ ಅವರು, "ಎಲ್ಲಿ ಹೂಳೂಣ್ರಿ ಅಕ್ಕೋರ?" ಅಂತ ಅಷ್ಟ ಕೇಳಿದ್ರು. ಜೋಕಾಲಿ ಮಗ್ಗಲದ ಬೇವಿನ ಸಸಿ ತೋರಿಸಿದೆ. ಹನಮವ್ವ ನನ್ನ ಮಾರಿ ನೋಡಿ, "ಕಣ್ಣು ಒರಸ್ಕೊ ಬೇ ಯವ್ವಾ. ನಮ್ಮ ಮನ್ಯಾಗೂ ಒಂದೈತಿ, ತರತೇನಿ" ಅಂದಳು. ಮರುದಿನ ಅಮೋಘಿನೂ ಬಂದ, ತಾಯಂದಿರೂ ಬಂದರು. ಉದ್ಯಾನ ಉಳೀತು.

ಅವತ್ತಿನಿಂದ ದಿನಾ ಸಂಜಿಕ ಆ ಗಡಿಗಿ ನಾನ ತುಂಬತೇನಿ. ಗಿಡ ಬೆಳೆದಂಗ ಉಳಿದ ಗಡಿಗಿ ಕಿತ್ತು ಹೊಸ ಸಸಿಗೆ ಹಾಕಿದ್ರು. ನನ್ನ ಬೇವಿಗೆ ಮಾತ್ರ ಇನ್ನೂ ನೀರು ಬೇಕು ಅಂತ ತಿಳಕೊಂಡಿದ್ದೆ. ನಿನ್ನೆ ಅಮೋಘಿ ತಲಿ ಕೆರಕೋತ ಹೇಳಿದ: "ಸಿಟ್ಟಾಗಬ್ಯಾಡ್ರಿ ಅಕ್ಕೋರ. ಆ ಬೇವಿಗೆ ನೀರಿನ ಗರಜ ತೀರಿ ನಾಕೈದು ವರ್ಷ ಆತು. ಈ ಗಡಿಗಿ ಕೀಳ್ಲೇನ್ರಿ ಅಂದ್ರ ಶಿವಾನಂದ ಸಾಹೇಬರು, ಅದರ ಗೊಡವಿಗೆ ಹೋಗಬ್ಯಾಡ ಅಂದಿದ್ರು."

ಕೇಳಿದ್ರೇನ್ರಿ? ನಳ ಹನಿ ಸೋರಿದರ ಉಣ್ಣೋ ಗಂಗಾಳ ಬಿಟ್ಟು ಎದ್ದು ಬರೋ ಮನುಷ್ಯ, ದಿನಾ ಸಂಜಿಕ ನನಗಂತ ತೊಟ್ಟಿಯೊಳಗಿಂದ ಒಂದು ಕೊಡ ತುಂಬಿ ಇಟ್ಟಿರತಿದ್ರು. ಗಿಡಕ್ಕ ಬ್ಯಾಡ ಅಂತ ಗೊತ್ತಿದ್ದೂ ಇಟ್ಟಾರ. ಒಂದು ದಿನಾನೂ ಬಾಯಿ ಬಿಟ್ಟು ಹೇಳಿಲ್ಲ.

ತಮ್ಮಾ ಶಿವಾನಂದ, ನೀ ಉಳಿಸಿದ ನೀರಿನ ಬಗ್ಗೆ ಉಳಿದವರು ಮಾತಾಡತಾರ. ನನಗಂತ ನೀ ಚೆಲ್ಲಿದ ಆ ಒಂದೊಂದು ಕೊಡಕ್ಕ, ಇಷ್ಟೊತ್ತು ಕೇಳಿದ ನಿಮ್ಮೆಲ್ಲಾರಿಗೂ, ಈ ಅಕ್ಕೋರ ಕೈ ಮುಗದ ನಮಸ್ಕಾರ.